ಒಂದು ಸುಳ್ಳಿನ ಪಾಠ

“ನನ್ನ ಮಗಳಿಗೆ ಒಂದು ಸುಳ್ಳು ಹೇಳೋದು ಕಲಿಸಿಕೊಡಿ ಮೇಡಂ.”

ಬಾಗಿಲಲ್ಲಿ ನಿಂತಿದ್ದ ಹೆಂಗಸು ಅಷ್ಟು ಹೇಳಿ, ಬೇರೆ ಯಾರೋ ಹೇಳಿದರೇನೋ ಎಂಬಂತೆ ಹಿಂದೆ ತಿರುಗಿ ನೋಡಿದಳು. ಅಧ್ಯಾಪಕಿ ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು. ಆ ಕಾಲೇಜಿನಲ್ಲಿ ತತ್ವಶಾಸ್ತ್ರ ವಿಭಾಗ ಅಂದರೆ ಅವರೊಬ್ಬರೇ. ಭೌತಶಾಸ್ತ್ರದವರು ಬೇಡವೆಂದು ಬಿಟ್ಟುಕೊಟ್ಟ ಸಾಮಾನಿನ ಕೋಣೆ, ಒಂದು ಮೇಜು, ಒರಗಿದರೆ ಕಿರುಗುಟ್ಟುವ ಎರಡು ಕುರ್ಚಿ. ಮೇಜಿನ ಮೇಲೆ ಉತ್ತರಪತ್ರಿಕೆಗಳ ಕಟ್ಟು. ಪ್ರತಿ ವರ್ಷದ ಪ್ರಶ್ನೆ ಈ ವರ್ಷವೂ ಬಂದಿತ್ತು: ಶಿಕ್ಷಣ, ನೀತಿ, ಸಾಹಿತ್ಯ ಮತ್ತು ಸಮಾಜದ ಮೇಲೆ ತತ್ವಜ್ಞಾನಿಗಳ ಪ್ರಭಾವವನ್ನು ವಿವರಿಸಿ. ಮಕ್ಕಳು ಗೈಡಿನಿಂದ ಉರು ಹೊಡೆದದ್ದನ್ನು ಹಾಗೇ ಇಳಿಸಿದ್ದರು. ಅಧ್ಯಾಪಕಿಯೂ ಕಣ್ಣು ಮುಚ್ಚಿಕೊಂಡು ಅಂಕ ಹಾಕುತ್ತಿದ್ದರು.

“ಕೂತ್ಕೊಳ್ಳಿ. ಯಾರ ತಾಯಿ ನೀವು?”

ಹೆಂಗಸು ಕುರ್ಚಿಯ ಅಂಚಿನಲ್ಲಿ ಕೂತಳು. ಮುಂಗೈ ತುಂಬ ಬಿಸಿ ಹಬೆ ತಾಗಿದ ಹಳೇ ಕಲೆಗಳು. ಮೂರು ವರ್ಷದ ಹಿಂದೆ ಓದಿ ಹೋದ ಹುಡುಗಿಯೊಬ್ಬಳ ಗುರುತು ಹೇಳಿದಳು: ಕೊನೇ ಬೆಂಚು, ಬಿಳಿಚಿದ ಮುಖ, ಮಾತು ಕಡಿಮೆ. ಈಗ ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕಿದ್ದಾಳಂತೆ. ಅಧ್ಯಾಪಕಿಗೆ ನೆನಪಾಯಿತು.

“ನನ್ನ ಮಗ ವ್ಯಾನು ಓಡಿಸ್ತಾನೆ. ಸಾಮಾನು ತಲುಪಿಸೋ ಕೆಲಸ. ಅವತ್ತು ತಂಗೀನೂ ಪಕ್ಕದಲ್ಲಿ ಕೂತಿದ್ಲು. ಪಾರ್ಕಿನ ಮಾಲಿ ಸೈಕಲ್‌ನಲ್ಲಿ ಬರ್ತಿದ್ದ...” ಹೆಂಗಸು ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಹೋಗಿಬಿಟ್ಟ. ಅಲ್ಲೇ.”

ಪೊಲೀಸರು ಕೇಳಿದಾಗ ತಂಗಿ ಇದ್ದದ್ದು ಇದ್ದ ಹಾಗೆ ಹೇಳಿದ್ದಳು: ಅಣ್ಣ ಮೊಬೈಲ್ ನೋಡುತ್ತಿದ್ದ. ನಾಳೆ ಕೋರ್ಟಿನಲ್ಲಿ ಅದನ್ನೇ ಹೇಳಿದರೆ ಮಗ ಜೈಲಿಗೆ. ನಿದ್ದೆ ಬಂದಿತ್ತು, ನೋಡಲಿಲ್ಲ ಅಂದುಬಿಟ್ಟರೆ ಉಳಿದದ್ದನ್ನು ತಾನು ನೋಡಿಕೊಳ್ಳುತ್ತೇನೆ ಅಂದಿದ್ದಾರೆ ವಕೀಲರು. ಮಗನ ಕೂಸಿಗೆ ಇನ್ನೂ ಹಲ್ಲು ಬಂದಿಲ್ಲ.

“ಕೈ ಮುಗಿದೆ, ಕಾಲು ಹಿಡಿದೆ, ಊಟ ಬಿಟ್ಟೆ. ಒಂದೇ ಹಟ. ಕಾಲೇಜಲ್ಲಿ ನಮ್ಮ ಮೇಡಂ ಪಾಠ ಮಾಡಿದ್ರು ಅಂತಾಳೆ. ಕೊಲೆಗಾರ ಬಾಗಿಲಿಗೆ ಬಂದು ಕೇಳಿದ್ರೂ ಸುಳ್ಳು ಹೇಳಬಾರದು ಅಂತ ಯಾರೋ ದೊಡ್ಡ ಮನುಷ್ಯ ಬರೆದಿದಾನಂತೆ. ಹೌದಾ?”

“ಹೌದು.”

“ಅವನಿಗೆ ಮಕ್ಕಳಿದ್ರಾ?”

“ಇರಲಿಲ್ಲ. ಮದುವೆಯೇ ಆಗಿರಲಿಲ್ಲ.”

“ಅಂದ್ಕೊಂಡೆ,” ಎಂದಳು ತಾಯಿ.

ಅಧ್ಯಾಪಕಿ ಇಪ್ಪತ್ತು ವರ್ಷದಿಂದ ಆ ಪಾಠ ಮಾಡುತ್ತಾ ಬಂದಿದ್ದರು. ಮೊದಲ ದಿನ ಆ ತತ್ವಜ್ಞಾನಿಯ ಪರವಾಗಿ ವಾದಿಸಿ ಹುಡುಗರನ್ನು ಕೆಣಕುವುದು, ಮಾರನೇ ದಿನ ಅವನ ಎದುರಾಳಿಯ ಪರ ನಿಂತು, ಮಾತಿನ ಬೆಲೆ ಅದರ ಫಲದಲ್ಲಿದೆ ಎಂದು ಸಾಧಿಸುವುದು. ಕ್ಲಾಸೆಲ್ಲ ನಗುತ್ತಿತ್ತು. ಪಾಪ, ಆ ಹುಡುಗಿ ಮಾರನೇ ದಿನ ಬಂದಿರಲಿಲ್ಲವೇನೋ, ಅರ್ಧ ಪಾಠ ಕೇಳಿ ಹೋಗಿದ್ದಾಳೆ ಅನ್ನಿಸಿತು. ಹಾಗಿದ್ದರೆ ಉಳಿದರ್ಧ ಹೇಳಿ ಬಂದರಾಯಿತು. ಅವರು ಕೈಚೀಲ ಎತ್ತಿಕೊಂಡರು.

ತಾಯಿ ಕೆಲಸ ಮಾಡುವ ಲಾಂಡ್ರಿ ಎರಡು ಬೀದಿ ಆಚೆ. ಒಳಗೆ ಕಾಲಿಡುತ್ತಲೇ ಕನ್ನಡಕ ಮಬ್ಬಾಯಿತು. ಗಂಜಿಯ ವಾಸನೆ, ಯಂತ್ರಗಳ ಗಡಗಡ, ಹೋಟೆಲುಗಳಿಂದ ಬಂದ ಬಿಳಿ ಹಾಸಿಗೆ ಬಟ್ಟೆಯ ಗುಡ್ಡೆ. ಹುಡುಗಿ ಹಲ್ಲಿನ ಡಾಕ್ಟರ ಹತ್ತಿರದ ಕೆಲಸ ಮುಗಿಸಿ ಅಮ್ಮನ ಪಾಲಿನ ಬಟ್ಟೆ ಮಡಚುತ್ತಿದ್ದಳು. ಮೇಡಂನ ನೋಡಿ ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

“ಆ ತುದಿ ಹಿಡ್ಕೊಳ್ತೀರಾ ಮೇಡಂ? ಇಬ್ಬರಿದ್ರೆ ಬೇಗ ಆಗುತ್ತೆ.”

ಅಧ್ಯಾಪಕಿ ಹಿಡಿದರು. ಬಟ್ಟೆ ಬಿಗಿಯಾಗಿ ಎಳೆದು, ಉದ್ದಕ್ಕೆ ಮಡಚಿ, ಇಬ್ಬರೂ ಹತ್ತಿರ ಬರಬೇಕು; ಅಂಚು ಒಪ್ಪಿಸಿ ಮತ್ತೆ ಹಿಂದೆ ಸರಿಯಬೇಕು. ತಾಯಿ ಆಚೆ ಇಸ್ತ್ರಿ ಮೇಜಿಗೆ ಹೋದಳು. ಅವಳ ಕಿವಿಯೆಲ್ಲ ಇಲ್ಲೇ ಇತ್ತು.

“ನೋಡು, ಸತ್ಯ ಅನ್ನೋದನ್ನ ಬೇರೆ ತರಾನೂ ಯೋಚಿಸಿದವರಿದಾರೆ,” ಅಧ್ಯಾಪಕಿ ಶುರು ಮಾಡಿದರು. “ಒಂದು ಮಾತಿನಿಂದ ಎಷ್ಟು ಜನಕ್ಕೆ ನೋವು, ಎಷ್ಟು ಜನಕ್ಕೆ ಒಳ್ಳೇದು ಅಂತ ತೂಗಿ ನೋಡಿ ಅಂದವರು...”

“ಅದನ್ನೂ ಕೇಳಿದೀನಿ ಮೇಡಂ. ಮಾರನೇ ದಿನದ ಕ್ಲಾಸು. ಉಳಿದವರೆಲ್ಲ ಸಿನಿಮಾಕ್ಕೆ ಹೋಗಿದ್ರು, ನಾನೊಬ್ಬಳೇ ಇದ್ದೆ. ಒಬ್ಬಳಿಗೋಸ್ಕರ ನೀವು ಪೂರ್ತಿ ಪಾಠ ಮಾಡಿದ್ರಿ.”

ಅಧ್ಯಾಪಕಿಯ ಕೈಯಲ್ಲಿದ್ದ ಬಟ್ಟೆಯ ತುದಿ ಸಡಿಲವಾಯಿತು. ಹುಡುಗಿ ಮೆಲ್ಲಗೆ ಎಳೆದು ಬಿಗಿ ಮಾಡಿಕೊಂಡಳು.

“ಇಬ್ಬರಲ್ಲಿ ಯಾರು ಸರಿ ಅಂತ ಆಮೇಲೆ ಕೇಳಿದೆ. ನೀವು ನಕ್ಕುಬಿಟ್ರಿ. ಪರೀಕ್ಷೆಗೆ ಇಬ್ಬರೂ ಬರ್ತಾರೆ, ಇಬ್ಬರನ್ನೂ ಓದ್ಕೊ ಅಂದ್ರಿ.”

“ಹಾಗಂದೆನಾ?”

“ತಮಾಷೆಗೆ ಅಂದ್ರಿ ಬಿಡಿ.” ಅವಳು ಹತ್ತಿರ ಬಂದಿದ್ದಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. “ಅವನು ನನ್ನಣ್ಣ ಮೇಡಂ. ಕಾಲೇಜು ಫೀಸು ಕಟ್ಟಿದ್ದು ಅವನೇ. ಕಣ್ಣು ಮುಚ್ಚಿದ್ರೆ ಅವನೂ ಕಾಣ್ತಾನೆ, ಆ ಮಾಲೀದು ಚಪ್ಪಲೀನೂ ಕಾಣುತ್ತೆ. ರಸ್ತೆ ಮಧ್ಯೆ ಒಂದೇ ಬಿದ್ದಿತ್ತು. ನಂಗೆ ಯೋಚಿಸಿ ಯೋಚಿಸಿ ಸಾಕಾಗಿದೆ. ನೀವು ಹೇಳಿ. ಸುಳ್ಳು ಹೇಳು ಅಂತ ನೀವು ಒಂದ್ಸಲ ಬಾಯ್ಬಿಟ್ಟು ಅಂದ್ರೆ ಸಾಕು, ಹೇಳಿಬಿಡ್ತೀನಿ. ಬೇಡ ಅಂದ್ರೆ ಇಲ್ಲ. ನಿಮ್ಮ ಮಾತು ದಾಟಲ್ಲ.”

ಆಚೆ ಇಸ್ತ್ರಿಪೆಟ್ಟಿಗೆಯ ಸದ್ದು ನಿಂತಿತು. ತಾಯಿ ಅದನ್ನು ಅರ್ಧಕ್ಕೆ ಎತ್ತಿ ಹಿಡಿದು ನಿಂತಿದ್ದಳು.

ಹೇಳು ಎನ್ನಲು ಅಧ್ಯಾಪಕಿ ಬಾಯಿ ತೆರೆದರು. ನಾಲಗೆ ಏಳಲಿಲ್ಲ. ಹೇಳಬೇಡ ಎನ್ನಲು ನೋಡಿದರು, ಎದುರಿಗೆ ಆ ತಾಯಿಯ ಮುಖ. ಇಷ್ಟು ವರ್ಷ ಇಷ್ಟು ಜನರ ಮಾತನ್ನು ಒಪ್ಪಿಸಿಕೊಂಡು ಬಂದ ಬಾಯಿಗೆ ತನ್ನದೇ ಅನ್ನುವ ಒಂದು ಮಾತು ಸಿಗಲಿಲ್ಲ.

“ನಾನು ಹೇಗೆ ಹೇಳ್ಲಿ, ಮಗಾ,” ಎಂದರು ಕೊನೆಗೆ.

ಹುಡುಗಿ ಕಾಯುತ್ತಲೇ ಇದ್ದಳು. ಆಮೇಲೆ ಅವರ ಕೈಯಿಂದ ಬಟ್ಟೆಯ ತುದಿ ಬಿಡಿಸಿಕೊಂಡು, “ಪರವಾಗಿಲ್ಲ ಮೇಡಂ, ಒಬ್ಬಳೇ ಮಡಚ್ತೀನಿ,” ಎಂದಳು.

ಮಾರನೇ ದಿನ ಅಧ್ಯಾಪಕಿ ರಜೆ ಹಾಕಿ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತರು. ಅಣ್ಣನ ವಕೀಲರು ನಯವಾಗಿಯೇ ಕೇಳಿದರು. “ಇಡೀ ದಿನ ದುಡಿದು ದಣಿದಿದ್ರಿ. ನಿದ್ದೆ ಹತ್ತಿತ್ತು ಅಲ್ವಾ?”

“ಇಲ್ಲ,” ಎಂದಳು ಹುಡುಗಿ. “ಅಣ್ಣ ಮೊಬೈಲ್ ನೋಡ್ತಿದ್ದ. ಅಣ್ಣಾ, ಮುಂದೆ ನೋಡು ಅಂದೆ. ಅಷ್ಟರಲ್ಲಿ ಆಗಿಹೋಗಿತ್ತು.”

ಅಣ್ಣ ತಲೆ ಎತ್ತಲಿಲ್ಲ. ಕಟಕಟೆಯ ಸರಳಿನ ಮೇಲಿದ್ದ ಬಣ್ಣದ ಚಕ್ಕೆಯನ್ನು ಉಗುರಿನಿಂದ ಕೆರೆಯುತ್ತಿದ್ದ.

ತೀರ್ಪು ಬರಲು ಇನ್ನೂ ಕೆಲವು ವಾರ ಹಿಡಿಯಿತು. ಅವತ್ತೂ ಅಧ್ಯಾಪಕಿ ಬಂದಿದ್ದರು. ಎರಡು ವರ್ಷ ಶಿಕ್ಷೆಯಾಯಿತು. ಹೊರಗೆ ಮೊಗಸಾಲೆಯಲ್ಲಿ ಕೂಸು ಅಳುತ್ತಿತ್ತು. ಅದರ ತಾಯಿ ಅದನ್ನೆತ್ತಿಕೊಂಡು ಪೊಲೀಸ್ ವ್ಯಾನಿನ ಕಡೆ ಓಡಿದಳು. ನಡುವಯಸ್ಸಿನ ಹೆಂಗಸೊಬ್ಬಳು ಅಧ್ಯಾಪಕಿಯ ಪಕ್ಕ ಬಂದು ನಿಂತಳು. ಮಾಲಿಯ ಹೆಂಡತಿ.

“ನೀವು ಆ ಹುಡುಗಿ ಕಡೆಯವರಾ?”

“ಅವಳಿಗೆ ಪಾಠ ಹೇಳಿದವಳು.”

ಹೆಂಗಸು ಅವರ ಎರಡೂ ಕೈ ಹಿಡಿದುಕೊಂಡಳು. “ಚೆನ್ನಾಗಿ ಹೇಳಿಕೊಟ್ಟಿದೀರಿ,” ಎಂದು ಬಿಕ್ಕಿದಳು. ಕೈ ಬಿಡಿಸಿಕೊಳ್ಳುವುದು ಹೇಗೆಂದು ಅಧ್ಯಾಪಕಿಗೆ ತಿಳಿಯಲಿಲ್ಲ.

ಅಧ್ಯಾಪಕಿ ಗೇಟಿನ ಹೊರಗೆ ಬರುವಷ್ಟರಲ್ಲಿ ಬಸ್ಸು ಬಂದು ನಿಂತಿತ್ತು. ಹುಡುಗಿಯ ತಾಯಿ ಮೊದಲು ಹತ್ತಿ ಕಿಟಕಿಯ ಪಕ್ಕ ಕೂತಳು. ಮಡಿಲಲ್ಲಿದ್ದ ಚೀಲವನ್ನು ಎತ್ತಿ ಪಕ್ಕದ ಸೀಟಿನ ಮೇಲಿಟ್ಟಳು. ಹಿಂದೆಯೇ ಹತ್ತಿದ ಮಗಳು ಆ ಚೀಲವನ್ನು ನೋಡಿ ಅಲ್ಲೇ ಕಂಬ ಹಿಡಿದು ನಿಂತಳು.

“ಸೀಟಿದೆಯಲ್ಲಮ್ಮಾ, ಕೂತ್ಕೊಳ್ಳಿ,” ಎಂದ ಕಂಡಕ್ಟರ್.

ಹುಡುಗಿ ಬೇಡವೆಂದು ತಲೆಯಾಡಿಸಿದಳು. ತಾಯಿ ಕಿಟಕಿಯಾಚೆ ನೋಡುತ್ತಿದ್ದಳು. ಬಸ್ಸು ಜಗ್ಗಿ ಹೊರಟಿತು. ಚೀಲ ಬೀಳಬಾರದೆಂದು ತಾಯಿ ಅದನ್ನು ಒಂದು ಕೈಯಿಂದ ಒತ್ತಿ ಹಿಡಿದಳು.