ವಿಜ್ಞಾನಿಯ ಗುಡ್ಡೆ

ಟೇಪಿನ ಒಂದು ತುದಿಯನ್ನು ಕೃಷ್ಣಪ್ಪ ಬಂಡೆಯ ಬುಡಕ್ಕೆ ಒತ್ತಿ ಹಿಡಿದಿದ್ದ. ಇನ್ನೊಂದು ತುದಿ ಹಿಡಿದ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಪ್ರಕಾಶ್ ರಾಗಿ ಸಾಲಿನೊಳಕ್ಕೆ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕುತ್ತಿದ್ದರು. ಹನುಮಂತಮ್ಮ ತನ್ನ ಹೊಲದ ಗಿಳಿ ಓಡಿಸುವುದನ್ನು ಬಿಟ್ಟು ನೋಡಿದಳು. ಮೇಷ್ಟ್ರ ಕಣ್ಣು ಕೆಂಪಾಗಿತ್ತು, ಅತ್ತಿದ್ದಾರೆ ಅನ್ನುವುದು ಕುರುಡನಿಗೂ ಗೊತ್ತಾಗುತ್ತಿತ್ತು. ಆದರೆ ಅಳತೆ ಟೇಪು ಹಿಡಿದುಕೊಂಡು ಅಳುವವರನ್ನು ಅವಳು ತನ್ನ ಐವತ್ತೆಂಟು ವರ್ಷದಲ್ಲಿ ಕಂಡವಳಲ್ಲ.

ಏನೆಂದು ಕೇಳಿದಳು. ವಿಜ್ಞಾನಿ ಅನಂತರಾಜು ಅವರು ತೀರಿಕೊಂಡರು ಅಂದರು ಮೇಷ್ಟ್ರು. ಪೇಪರಿನ ಮುಖಪುಟದ ತುಂಬ ಅವರೇ, ಟಿವಿಯಲ್ಲೂ ಬೆಳಗಿನಿಂದ ಅವರೇ. ಹನುಮಂತಮ್ಮನಿಗೂ ಅವರು ಗೊತ್ತು. ಏಳು ವರ್ಷದ ಹಿಂದೆ ಗ್ರಹಣದ ದಿನ ಆ ಮನುಷ್ಯ ಶಾಲೆ ಮಕ್ಕಳನ್ನು ಕಟ್ಟಿಕೊಂಡು ಇದೇ ಬಂಡೆ ಹತ್ತಿದ್ದರು. ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು. ಅವಳ ಗಂಡ ಅಂಕಯ್ಯ ಮಾತ್ರ ಹೊಲ ಕಾಯಬೇಕೆಂದು ಹಟ ಮಾಡಿ ಬಂದಿದ್ದ, ಅವನ ಹಿಂದೆ ಬಯ್ಯುತ್ತ ಅವಳೂ ಬಂದಿದ್ದಳು. ಹೆದರಿ ತಲೆ ತಗ್ಗಿಸಿ ನಿಂತವಳಿಗೆ ಅವರು ಹೊಂಗೆ ಮರದ ಅಡಿ ನೆಲ ತೋರಿಸಿದ್ದರು. ಎಲೆ ಸಂದಿನಿಂದ ಬಿದ್ದ ಬಿಸಿಲೆಲ್ಲ ಪುಟ್ಟ ಪುಟ್ಟ ಅರ್ಧ ಸೂರ್ಯಗಳಾಗಿ, ಅವಳ ಪಾದದ ಮೇಲೂ ಎರಡು ಬಿದ್ದಿದ್ದವು. ಒಳ್ಳೆಯ ಮನುಷ್ಯ. ಪಾಪ, ಅಂದಳು. ಅಂದವಳೇ ಮತ್ತೆ ಟೇಪು ನೋಡಿದಳು.

ಅವರ ಅಸ್ಥಿಯ ಒಂದು ಚಿಟಿಕೆ ತಂದು ಈ ಬಂಡೆಯ ಪಕ್ಕ ಇಟ್ಟು, ಮೇಲೊಂದು ಕಲ್ಲು ನಿಲ್ಲಿಸುತ್ತೇವೆ ಎಂದು ಮೇಷ್ಟ್ರು ವಿವರಿಸಿದರು. ಆರಡಿಗೆ ಆರಡಿ ಸಾಕು, ಮಕ್ಕಳು ಬಂದು ನೋಡಿ ಸ್ಫೂರ್ತಿ ಪಡೆಯಲಿ. ಮಕ್ಕಳು ಬರಬೇಕಾದರೆ ದಾರಿ ಬೇಕಲ್ಲ, ಒಂದು ಇಪ್ಪತ್ತಡಿ ದಾರಿ, ಎಂದು ಕೃಷ್ಣಪ್ಪ ಮೆಲ್ಲಗೆ ಸೇರಿಸಿದ. ಮೇಷ್ಟ್ರು ಅವನ ಕಡೆ ತಿರುಗಿದರು, ಆ ಮಾತು ಅವರಿಗೂ ಹೊಸದಿರಬೇಕು. ಹಾರೋಹಳ್ಳಿಯಿಂದ ಕಾರ್ಖಾನೆಗಳು ಈ ಕಡೆ ಬೆಳೆಯುತ್ತ ಬಂದ ಮೇಲೆ ಸುತ್ತಲ ಹೊಲಗಳನ್ನೆಲ್ಲ ಅವುಗಳಿಗೆ ಕೊಡಿಸಿದ ದಲ್ಲಾಳಿ ಇದೇ ಕೃಷ್ಣಪ್ಪ. ಬಂಡೆಯ ಹಿಂದೆ ಅವನದೇ ನಾಲ್ಕೆಕರೆ, ಲಾರಿ ಹೋಗಲು ದಾರಿಯಿಲ್ಲದೆ, ಕೊಳ್ಳುವವರಿಲ್ಲದೆ ಬಿದ್ದಿತ್ತು. ಕುರಿ ನೆನೆಯಿತೆಂದು ತೋಳ ಅತ್ತ ಕಥೆ ಹನುಮಂತಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಅಕ್ಕಾ, ಅಂಥ ದೊಡ್ಮನುಷ್ಯನ ಬೂದಿ ಬೀಳೋಕೆ ನಿನ್ ಹೊಲ ಪುಣ್ಯ ಮಾಡಿರ್ಬೇಕು," ಅಂದ ಕೃಷ್ಣಪ್ಪ.

"ಆರಡಿ ಅಂತೀಯ. ಸತ್ತೋರು ಆರಡೀಲಿ ಮನಗ್ತಾರೆ, ಆಮ್ಯಾಕೆ ಇಡೀ ಹೊಲವೇ ಅವ್ರದಾಯ್ತದೆ. ನಂಗೊತ್ತಿಲ್ವಾ?"

ಗೊತ್ತಿತ್ತು, ಅವಳಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರಬೇಕು. ಎರಡೆಕರೆ ಹೊಲ, ಇಪ್ಪತ್ತಮೂರು ವರ್ಷದ ಸಾಗುವಳಿ, ಕೈಯಲ್ಲಿ ಮಾತ್ರ ಒಂದು ಚೀಟಿಯೂ ಇಲ್ಲ. ನೆಲ ಸರ್ಕಾರದ್ದು, ಹೆಸರಿಗೆ ಮಾಡಿಕೊಡಿ ಎಂದು ಹಾಕಿದ ಅರ್ಜಿ ತಾಲ್ಲೂಕು ಕಚೇರಿಯ ಯಾವ ಕಪಾಟಿನಲ್ಲಿ ಕೊಳೆಯುತ್ತಿದೆಯೋ ದೇವರೇ ಬಲ್ಲ. ನಾಲ್ಕು ವರ್ಷದ ಹಿಂದೆ ಅಂಕಯ್ಯ ಸತ್ತಾಗ ಅವಳು ಹೆಣದ ಮುಂದೆ ಕೂತು, ನನ್ನ ಗಂಡ ದುಡಿದ ಮಣ್ಣಲ್ಲೇ ಇರಲಿ ಎಂದು ಎದೆ ಬಡಿದುಕೊಂಡಿದ್ದಳು. ಎಂಥ ಪ್ರೀತಿ ನೋಡಿ ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಎರಡು ವರ್ಷ ಕಳೆದು ಕಾರ್ಖಾನೆಗೆ ಜಾಗ ಅಳೆಯಲು ಸರ್ವೆಯವರು ಚೈನು ಎಳೆದುಕೊಂಡು ಬಂದಾಗ ಹೊಲದ ನಡುವೆ ಸಮಾಧಿ, ಕುಂಕುಮ, ಹೂವು, ಮುಂದೆ ಅಳುವ ಹೆಂಗಸು. ಹೆಣ ಕೀಳುವ ಉಸಾಬರಿ ಬೇಡವೆಂದು ಅವರು ಗಡಿಕಲ್ಲನ್ನು ಆಚೆ ಹುಗಿದು ಹೋದರು. ಅಕ್ಕಪಕ್ಕದ ಮೂರು ಹೊಲ ಹೋದವು, ಇವಳದು ಉಳಿಯಿತು. ತಾನು ಕಳ್ಳ, ಪರರ ನಂಬ ಅನ್ನುತ್ತಾರಲ್ಲ, ಸುಮ್ಮನೆ ಅನ್ನುವುದಿಲ್ಲ.

ಹನ್ನೊಂದನೆಯ ದಿನ ಶಾಲೆಯ ಮೈದಾನದಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟುಕೊಂಡರು. ಹನುಮಂತಮ್ಮ ಹೋಗಿ ಮುಂದಿನ ಜಮಖಾನೆಯ ಮೇಲೆಯೇ ಕೂತಳು. ಹೊಲ ಹೋಗುವುದಿದ್ದರೆ ತನ್ನ ಕಣ್ಣೆದುರಿಗೇ ಹೋಗಲಿ. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ವಿಜ್ಞಾನಿಯ ಫೋಟೋ, ಅದರ ಪಕ್ಕ ಅಷ್ಟೇ ದೊಡ್ಡದಾಗಿ ಕೃಷ್ಣಪ್ಪನ ಫೋಟೋ. ಯಾರು ಸತ್ತದ್ದು ಎಂದು ಹೊರಗಿನವರು ಕೇಳಬೇಕು, ಹಾಗಿತ್ತು. ಭಾಷಣ ಮಾಡಿದವರಲ್ಲಿ ಒಬ್ಬರು ಅವರನ್ನು ಋಷಿ ಅಂದರು, ಇನ್ನೊಬ್ಬರು ಬಾಂಬು ಕಂಡುಹಿಡಿದವರು ಅಂದರು. ಅವರು ಹುಡುಕಿದ್ದು ಬೆಳಕಿನ ವಿಷಯ ಎಂದು ಪ್ರಕಾಶ್ ಮೇಷ್ಟ್ರು ಎದ್ದು ತಿದ್ದಲು ಹೋದರು, ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಲಿಲ್ಲ. ಆಮೇಲೆ ಕೃಷ್ಣಪ್ಪ ಕೆಂಪು ವಸ್ತ್ರ ಸುತ್ತಿದ ಕುಡಿಕೆಯನ್ನು ತಲೆಯ ಮೇಲೆ ಹೊತ್ತು ತಂದು ಮೇಜಿನ ಮೇಲಿಟ್ಟ. ಹೆಂಗಸರು ಎದ್ದು ಕೈಮುಗಿದರು. ಹನುಮಂತಮ್ಮ ಮುಗಿಯಲಿಲ್ಲ.

ಆ ಹೊತ್ತಿಗೆ ವಿಜ್ಞಾನಿಯ ಮಗಳು ಸೌಮ್ಯ ಬೆಂಗಳೂರಿನಿಂದ ಬಂದಿಳಿದಳು. ನಲವತ್ತರ ಹೆಂಗಸು, ನಿದ್ದೆ ಕಾಣದ ಮುಖ. ಕುಡಿಕೆಯಲ್ಲಿ ಏನಿದೆ ಎಂದು ಮೇಷ್ಟ್ರನ್ನು ಕೇಳಿದಳು. ನಿಮ್ಮ ಮನೆಯಿಂದಲೇ ಕೃಷ್ಣಪ್ಪನವರು ತಂದ ಅಸ್ಥಿ ಎಂದು ಮೇಷ್ಟ್ರು ಮುಗ್ಧವಾಗಿ ಹೇಳಿದರು. ಅವಳು ನೆಟ್ಟಗೆ ಮೈಕಿನ ಹತ್ತಿರ ಹೋದಳು. "ಕ್ಷಮಿಸಿ. ನಮ್ಮ ತಂದೆಯನ್ನ ನಾವು ಸುಡಲಿಲ್ಲ, ಹೂಳಲೂ ಇಲ್ಲ. ಅವರು ಬರೆದಿಟ್ಟ ಹಾಗೆ ದೇಹಾನ ಮೆಡಿಕಲ್ ಕಾಲೇಜಿಗೆ ಕೊಟ್ವಿ. ಇದು ಯಾರ ಬೂದಿ ಅಂತ ನನಗೆ ಗೊತ್ತಿಲ್ಲ," ಅಂದಳು.

ಕೃಷ್ಣಪ್ಪ ಕಣ್ಣು ಕೂಡ ಮಿಟುಕಿಸದೆ, ಬೂದಿ ಯಾರದಾದರೇನು, ಭಾವನೆ ಮುಖ್ಯ ಎಂದ. ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರು ತಲೆ ಮೇಲೆತ್ತಲಿಲ್ಲ. ಹನುಮಂತಮ್ಮನಿಗೆ ಗೆದ್ದ ಹಿಗ್ಗು ಉಕ್ಕಿತು.

ಅಪ್ಪ ಗ್ರಹಣ ನೋಡಿದ ಬಂಡೆ ತೋರಿಸುತ್ತೀರಾ ಎಂದು ಸೌಮ್ಯ, ಮೇಷ್ಟ್ರನ್ನು ವಿಚಾರಿಸಿಕೊಂಡು ಬಂದು, ತನ್ನನ್ನೇ ಕೇಳಿದಾಗ ಹಿಗ್ಗು ಇಳಿಯಿತು. ಕಾರಿನಲ್ಲಿ ಬಂದವಳು, ಬರುತ್ತಿದ್ದಂತೆ ಹೊಲ ನೋಡಬೇಕು ಅನ್ನುತ್ತಾಳೆ. ಇವಳು ಯಾರ ಕಡೆಯವಳೋ ಅನ್ನಿಸಿತು. ಆದರೂ ಕರೆದುಕೊಂಡು ಹೋದಳು. ಸೌಮ್ಯ ಬಂಡೆಯನ್ನು ಮುಟ್ಟಿ ನೋಡಿದಳಷ್ಟೆ, ಬೇಲಿಯನ್ನಾಗಲಿ ಗಡಿಯನ್ನಾಗಲಿ ನೋಡಲಿಲ್ಲ. ತಿರುಗಿ ಬರುವಾಗ ಅಂಕಯ್ಯನ ಸಮಾಧಿಯ ಮುಂದೆ ನಿಂತಳು.

"ನಿಮ್ಮ ಯಜಮಾನರಾ? ನೀವು ಪುಣ್ಯ ಮಾಡಿದ್ರಿ ಅಮ್ಮ. ಅಪ್ಪ ದೇಹದಾನದ ಕಾಗದಕ್ಕೆ ರುಜು ಹಾಕುವಾಗ ನಾನು ಬೇಡ ಅಂತ ಎರಡು ದಿನ ಊಟ ಬಿಟ್ಟಿದ್ದೆ. ಒಂದು ಹಿಡಿ ಬೂದಿನಾದ್ರೂ ನನಗೆ ಬೇಕಿತ್ತು. ಆದ್ರೂ ಸತ್ತವರ ಮಾತಲ್ವಾ, ಅವರು ಹೇಳಿದ ಹಾಗೇ ಮಾಡಿಬಿಟ್ಟೆ. ಈಗ ಹಾಲು ತುಪ್ಪ ಬಿಡೋಕೂ ನನಗೊಂದು ಜಾಗ ಇಲ್ಲ."

ನಾಲ್ಕು ವರ್ಷದಿಂದ ಊರಿನವರ ಮುಂದೆ, ತವರಿನವರ ಮುಂದೆ, ದೇವರ ಮುಂದೆ ಹೇಳದ ಮಾತನ್ನು ಈ ಗುರುತು ಪರಿಚಯವಿಲ್ಲದವಳ ಮುಂದೆ ಹನುಮಂತಮ್ಮ ಯಾಕೆ ಆಡಿದಳೋ ಅವಳಿಗೇ ತಿಳಿಯಲಿಲ್ಲ.

"ನಾನೇನೂ ಪುಣ್ಯ ಮಾಡಿಲ್ಲ ಕಣವ್ವ. ಅವ್ರು ಇಲ್ಲಿ ಬ್ಯಾಡ ಅಂದಿದ್ರು. ಕೆರೆ ಏರಿ ಕೆಳಗೆ ನಮ್ಮವ್ವನ ಪಕ್ಕದಲ್ಲಿ ಮಡಗು ಅಂತ ಕೈ ಹಿಡ್ಕಂಡು ಹೇಳಿದ್ರು. ಹೂಂ ಅಂದಿದ್ದೆ. ಹೊಲ ಉಳೀಲಿ ಅಂತ ಇಲ್ಲಿ ತಂದು ಮಡಗ್ಬುಟ್ಟೆ."

ಸೌಮ್ಯ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಂದು ಗಳಿಗೆ ನಿಂತು, ಹೊರಟುಹೋದಳು.

ಕಾರಿನ ಧೂಳು ಅಡಗಿದ ಮೇಲೆ ಹನುಮಂತಮ್ಮ ಸುತ್ತ ನಾಲ್ಕೂ ಕಡೆ ನೋಡಿದಳು. ಸಮಾಧಿಯ ಗುಡ್ಡೆ ಕೆದಕಿದಳು, ಹೆಣ ಎತ್ತಿಸಿದಳು ಎಂದು ಒಬ್ಬ ಕಂಡು ಹೇಳಿದರೂ ಸಾಕು, ನಾಳೆ ಚೈನಿನವರು ಬರುತ್ತಾರೆ. ಯಾರೂ ಇರಲಿಲ್ಲ. ಗಂಡನ ಎದೆ ಇರಬೇಕಾದ ಕಡೆಯಿಂದ ಒಂದು ಹಿಡಿ ಮಣ್ಣು ತೆಗೆದು ಸೆರಗಿನಲ್ಲಿ ಗಂಟು ಹಾಕಿದಳು, ತೆಗೆದ ಗುರುತನ್ನು ಅಂಗೈಯಿಂದ ಸವರಿ ಮುಚ್ಚಿದಳು. ದಾರಿಯಲ್ಲಿ ಟೀ ಅಂಗಡಿ ಮುಂದೆ ಕೂತಿದ್ದ ಕೃಷ್ಣಪ್ಪ, ಸೆರಗಲ್ಲಿ ಏನು ಅಕ್ಕಾ ಎಂದು ಕೇಳಿದ. ಒಸಿ ಸೊಪ್ಪು ಕಣಪ್ಪ ಎಂದು ನಿಲ್ಲದೆ ನಡೆದಳು.

ಕೆರೆ ಏರಿಯ ಕೆಳಗೆ ಅತ್ತೆಯ ಗುಡ್ಡೆಯನ್ನು ಲಂಟಾನದ ಪೊದೆ ಮುಚ್ಚಿಬಿಟ್ಟಿತ್ತು. ಮುಳ್ಳು ಸರಿಸಿ ಒಳಗೆ ಕೂತು ಗಂಟು ಬಿಚ್ಚಿದಳು. ಮಣ್ಣಿಗೆ ಮಣ್ಣು ಸೇರಿಸಿ, "ಅತ್ತೆವ್ವಾ, ತಡವಾಯ್ತು," ಅಂದಳು. ಅಳು ಬಂತು, ಅತ್ತಳು. ಮೇಲೆ ಏರಿಯ ದಾರಿಯಲ್ಲಿ ಯಾರೋ ಸೈಕಲ್ ನಿಲ್ಲಿಸಿ, ಯಾರದು ಎಂದು ಕೂಗಿದರು. ಹನುಮಂತಮ್ಮ ತಲೆ ಎತ್ತಿ ನೋಡಲಿಲ್ಲ, ಅಳು ತಡೆಯಲೂ ಇಲ್ಲ.