ಹಾಡುವವಳ ಬೆನ್ನು

೧

ಈ ಕಥೆಯನ್ನು ಎಲ್ಲಿಂದ ಶುರುಮಾಡಬೇಕೆಂದು ನಾಲ್ಕು ದಿನದಿಂದ ಒದ್ದಾಡುತ್ತಿದ್ದೇನೆ. ಮೊದಲ ಕರಡು 'ದುಡ್ಡು ಫುಟ್‌ಬಾಲಿನ ಹೃದಯವನ್ನು ಕಿತ್ತುಕೊಂಡಿದೆಯೇ?' ಎಂಬ ಪ್ರಶ್ನೆಯಿಂದ ಆರಂಭವಾಗಿತ್ತು. ಭಾಷಣ ಸ್ಪರ್ಧೆಗೆ ಹೆಸರು ಕೊಟ್ಟವನ ಬರಹದಂತೆ ಕಂಡಿತು, ಹರಿದೆ. ಎರಡನೆಯದು ಮೈದಾನದ ಮೇಲೆ ಹಾರುವ ಕಡಲಹಕ್ಕಿಗಳಿಂದ. (ಹಕ್ಕಿಯಿಂದ ಶುರುವಾಗುವ ಕಥೆಗಳನ್ನು ನಾನೇ ಓದುವುದಿಲ್ಲ.) ಮೂರನೆಯದನ್ನು ಊರವರೆಲ್ಲ ಮಾಮೆ, ಅಂದರೆ ಅಮ್ಮ, ಎಂದು ಕರೆಯುವ ಅರಾಬಾಗೆ ಓದಿ ಹೇಳಿದೆ. ಅವಳು ಮೀನು ಕರಿಯುತ್ತಲೇ ಕೇಳಿಸಿಕೊಂಡು, ಓದುಗರಿಗೆ ತಾನು ಯಾರೆಂದೇ ಹೇಳದೆ ಮೊದಲ ಸಾಲಿನಲ್ಲೇ ತನ್ನ ಕಣ್ಣಲ್ಲಿ ನೀರು ತರಿಸಿದ್ದು ಯಾಕೆ ಎಂದು ಕೇಳಿದಳು.

ಸರಿ, ಯಾರೆಂದು ಹೇಳಿಬಿಡುತ್ತೇನೆ.

೨

ಅರಾಬಾ ಎಸ್ಸಿಲ್‌ಫೀ, ವಯಸ್ಸು ಐವತ್ತೊಂಬತ್ತು. ಕಡಲತಡಿಯ ನಮ್ಮೂರು ಸೆಕೊಂಡಿಯ ರೈಲ್ವೆ ಗೇಟಿನ ಪಕ್ಕದಲ್ಲಿ ಅವಳದೊಂದು ಕೆಂಕೆ ಅಂಗಡಿ. ಹುಳಿ ಬಂದ ಮೆಕ್ಕೆಜೋಳದ ಹಿಟ್ಟನ್ನು ಬಾಳೆಲೆಯಲ್ಲಿ ಕಟ್ಟಿ ಬೇಯಿಸಿ, ಕರಿದ ಮೀನಿನ ಜೊತೆ ಕೊಡುತ್ತಾಳೆ. ಅವಳ ಇನ್ನೊಂದು ಕೆಲಸಕ್ಕೆ ಹೆಸರಿಲ್ಲ. ನಮ್ಮೂರಿನ ತಂಡ ಸೆಕೊಂಡಿ ಸೀಗಲ್ಸ್ ಆಡುವಾಗ ಪೂರ್ವದ ಮೆಟ್ಟಿಲುಗಳ ಮೇಲೆ ನಿಂತು ಹಾಡು ಎತ್ತಿಕೊಡುವವಳು ಅವಳು. ಅವಳು ಒಂದು ಸಾಲು ಹೇಳಿದರೆ ಇಪ್ಪತ್ತು ಜನರ ಮೇಳ ಹಿಡಿದುಕೊಳ್ಳುತ್ತದೆ, ಆಮೇಲೆ ಅಲ್ಲಿರುವವರೆಲ್ಲ. ಡೋಲು ಎಕೌನದು. ಅವನು ಬಂದರಿನಲ್ಲಿ ದೋಣಿ ರಿಪೇರಿ ಮಾಡುವ ಬಡಗಿ, ಅವಳಿಗಿಂತ ಐದು ವರ್ಷ ದೊಡ್ಡವನು.

ಇಪ್ಪತ್ತೊಂಬತ್ತು ವರ್ಷ ಹೀಗೇ ನಡೆಯಿತು. ಸುಮ್ಮನೆ ಒಳಗೆ ಹೋಗಮ್ಮ ಎಂದು ಗೇಟಿನವನು ಎಷ್ಟು ಸಲ ಹೇಳಿದರೂ ಅವಳು ಟಿಕೆಟ್ ಕೊಂಡೇ ಹೋಗುತ್ತಿದ್ದಳು. ಟಿಕೆಟ್ ಕೊಂಡವಳಿಗೆ ಬೈಯುವ ಹಕ್ಕಿರುತ್ತದೆ ಎಂಬುದು ಅವಳ ನಂಬಿಕೆ. ಆ ಹಕ್ಕನ್ನು ಅವಳು ಧಾರಾಳವಾಗಿಯೇ ಬಳಸುತ್ತಿದ್ದಳು. ತಂಡ ಮೈಗಳ್ಳತನ ಮಾಡಿದರೆ ಮೊದಲು ಬೈಗುಳ. ಆಮೇಲೆ ಹಾಡು ನಿಲ್ಲುತ್ತಿತ್ತು, ಡೋಲೂ ನಿಲ್ಲುತ್ತಿತ್ತು. ಅಷ್ಟಕ್ಕೂ ಬುದ್ಧಿ ಬಾರದಿದ್ದರೆ ಅವಳು ಮೈದಾನಕ್ಕೆ ಬೆನ್ನು ತಿರುಗಿಸುತ್ತಿದ್ದಳು. ಅವಳನ್ನು ನೋಡಿ ಸಾವಿರ ಜನ ಬೆನ್ನು ತಿರುಗಿಸುತ್ತಿದ್ದರು. ಒಮ್ಮೆ ಕೋಚ್ ಬೆಂಚಿನ ಮೇಲೆ ಕೂತು ಅತ್ತದ್ದನ್ನು ನಾನೇ ನೋಡಿದ್ದೇನೆ. (ನಾನೂ ಬೆನ್ನು ತಿರುಗಿಸಿದ್ದೆ, ನಿಜ. ಕದ್ದು ನೋಡಿದೆ.)

೩

ಕಳೆದ ವರ್ಷ ರಾಜಧಾನಿ ಆಕ್ರಾದ ಒಬ್ಬ ಶ್ರೀಮಂತ ತಂಡವನ್ನು ಕೊಂಡ. ಅವನನ್ನು ಊರಲ್ಲಿ ಯಾರೂ ನೋಡಿಲ್ಲ, ಆದ್ದರಿಂದ ಕಥೆಯಲ್ಲೂ ಬರುವುದಿಲ್ಲ. ಬರುವವನು ಅವನ ಮ್ಯಾನೇಜರ್ ಫೀಫಿ ಅಕ್ವಾ, ಇದೇ ಕೇರಿಯಲ್ಲಿ ಅರಾಬಾಳ ಕೆಂಕೆ ತಿಂದು ಬೆಳೆದವನು. ಒಂದು ಬುಧವಾರ ಬೆಳಿಗ್ಗೆ ಅಂಗಡಿಗೆ ಬಂದು, ಸ್ಟೂಲಿನ ಮೇಲೆ ಕೂತು ವಿಷಯ ತೆಗೆದ. ಪಂದ್ಯಗಳು ಇನ್ನು ಮೊಬೈಲಿನಲ್ಲಿ ನೇರಪ್ರಸಾರವಾಗುತ್ತವೆ. ಯಾವುದೋ ಜೂಜಿನ ಆಪಿನವರು ಹಣ ಹಾಕುತ್ತಿದ್ದಾರೆ. ಕ್ಯಾಮೆರಾದಲ್ಲಿ ಮೆಟ್ಟಿಲು ಸಪ್ಪೆಯಾಗಿ ಕಾಣಬಾರದು. ಅದಕ್ಕೆ ಮೇಳದವರಿಗೆಲ್ಲ ಪಂದ್ಯಕ್ಕಿಷ್ಟು ಎಂದು ಕೂಲಿ, ಅರಾಬಾಗೆ ಎಲ್ಲರಿಗಿಂತ ಹೆಚ್ಚು, ಜೊತೆಗೆ ಟೀ ಶರ್ಟು, ಊಟ, ಕರೆದೊಯ್ಯಲು ವ್ಯಾನು. ಬದಲಿಗೆ ತೊಂಬತ್ತು ನಿಮಿಷವೂ ಹಾಡಬೇಕು. ಬೈಯಬಾರದು. ಬೆನ್ನಂತೂ ತಿರುಗಿಸಲೇಬಾರದು.

ಇಲ್ಲಿ ನಾನು ಒಂದು ಭರ್ಜರಿ ದೃಶ್ಯ ಬರೆದಿದ್ದೆ. ಅರಾಬಾ ಕರಾರುಪತ್ರವನ್ನು ಮಡಚಿ ಒಲೆಗೆ ಹಾಕುತ್ತಾಳೆ, ಫೀಫಿ ತಲೆ ತಗ್ಗಿಸುತ್ತಾನೆ. ಅವಳಿಗೆ ಓದಿ ಹೇಳಿದೆ.

"ಈ ಕಥೆಗೆ ನಿನಗೆ ದುಡ್ಡು ಕೊಡ್ತಾರಾ?" ಎಂದಳು.

ಸ್ವಲ್ಪ ಕೊಡುತ್ತಾರೆ ಎಂದೆ.

"ತಗೋತೀಯ?"

ತಗೊಳ್ಳುತ್ತೇನೆ ಎಂದೆ.

"ಮತ್ತೆ ನಾನೊಬ್ಬಳೇ ಯಾಕಪ್ಪ ಒಲೆಗೆ ಹಾಕ್ಬೇಕು?"

ಆ ದೃಶ್ಯವನ್ನು ತೆಗೆದುಹಾಕಿದ್ದೇನೆ. ನಡೆದದ್ದು ಇಷ್ಟು. ಅಂದು ಸಂಜೆ ಮೇಳದವರೆಲ್ಲ ಅಂಗಡಿಯ ಮುಂದೆ ಸೇರಿದರು. ಯಾರೂ ಬೇಕು ಎನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಎಕೌ ತನ್ನ ಮಂಡಿ ನೀವಿಕೊಳ್ಳುತ್ತ ಕೂತಿದ್ದ. ಬಂದರಿನಿಂದ ಮೈದಾನಕ್ಕೆ ಡೋಲು ಹೊತ್ತು ನಡೆದು ಬರುವುದು ಈಚೆಗೆ ಅವನಿಗೆ ಆಗುತ್ತಿರಲಿಲ್ಲ. ವ್ಯಾನು ಬಂದರಿನವರೆಗೂ ಬರುತ್ತದಾ ಎಂದು ಅವನೊಬ್ಬ ಮೆಲ್ಲಗೆ ಕೇಳಿದ. ಅರಾಬಾಗೆ ಅಷ್ಟು ಸಾಕಾಯಿತು. ಮರುದಿನ ಸಹಿ ಹಾಕಿದಳು.

೪

(ಓದುಗರೇ, ನಿಮಗೀಗ ದುಡ್ಡು ಬಂದು ಎಲ್ಲ ಹಾಳಾಯಿತು ಎಂದು ಕೇಳುವ ಆಸೆ. ನನಗೆ ಹೇಳುವ ಆಸೆ. ಆದರೆ ತಂಡದ ನಾಯಕ ಎಬೋ ಕ್ವಾನ್ಸಾನ ಹೆಂಡತಿ ಅದೇ ಕೇರಿಯಲ್ಲಿದ್ದಾಳೆ. ಸುಳ್ಳು ಬರೆದರೆ ಅಟ್ಟಿಸಿಕೊಂಡು ಬರುತ್ತಾಳೆ.)

ಆಟಗಾರರಿಗೆ ಮೊದಲ ಬಾರಿಗೆ ತಿಂಗಳು ತಿಂಗಳೂ ಸಂಬಳ ಬಂತು. ಎರಡು ವರ್ಷದಿಂದ ಕುಂಟುತ್ತಿದ್ದ ಗೋಲ್‌ಕೀಪರನ ಮಂಡಿಗೆ ಆಪರೇಷನ್ ಆಯಿತು. ಪರಊರಿನ ಪಂದ್ಯಕ್ಕೆ ಲಾರಿ ಬಿಟ್ಟು ಬಸ್ಸಿನಲ್ಲಿ ಹೋದರು. ಎಕೌ ವ್ಯಾನಿನ ಮುಂದಿನ ಸೀಟಿನಲ್ಲಿ ದೊರೆಯಂತೆ ಕೂತು ಬರುತ್ತಿದ್ದ. ಅರಾಬಾ ಹಾಡಿದಳು. ಫೀಫಿ ಕೊಟ್ಟ ಹಾಡುಗಳಲ್ಲಿ ಆ ಜೂಜಿನ ಕಂಪನಿಯ ಹೆಸರು ಅಲ್ಲಲ್ಲಿ ಕಲ್ಲಿನಂತೆ ಹಲ್ಲಿಗೆ ಸಿಗುತ್ತಿತ್ತು, ಅದನ್ನೂ ನುಂಗಿ ಹಾಡಿದಳು.

ಹಾಗಿದ್ದೂ ತಂಡ ಸೋಲುತ್ತ ಬಂತು. ಕೇಪ್ ಕೋಸ್ಟ್‌ನವರು ನಮ್ಮ ಮೈದಾನದಲ್ಲೇ ನಾಲ್ಕು ಗೋಲು ಹೊಡೆದ ದಿನ ನಮ್ಮವರು ಹಿತ್ತಲಲ್ಲಿ ಅಡ್ಡಾಡುವವರ ಹಾಗೆ ಆಡಿದರು. ಮೂರನೆಯ ಗೋಲಿಗೆ ಅರಾಬಾ ಬಾಯಿಗೆ ಬಂದ ಬೈಗುಳವನ್ನು ತಡೆದುಕೊಂಡಳು. ಕೆಳಗಿನಿಂದ ಫೀಫಿ ಕೈಯೆತ್ತಿ ಇನ್ನೂ ಜೋರು, ಇನ್ನೂ ಜೋರು ಎಂದು ಸನ್ನೆ ಮಾಡುತ್ತಿದ್ದ. ನಾಲ್ಕನೆಯದು ಬಿದ್ದಾಗಲೂ ಮೇಳ ಹಾಡುತ್ತಲೇ ಇತ್ತು.

ಮರುದಿನ ಎಬೋ ಅಂಗಡಿಗೆ ಬಂದ. ಮೂವತ್ತಮೂರು ವರ್ಷದ ಡಿಫೆಂಡರ್, ಮಾತು ಕಡಿಮೆ. ಕೆಂಕೆ ಮುಂದಿಟ್ಟರೂ ಬಿಚ್ಚದೆ ಕೂತಿದ್ದ.

"ನೀವು ಬೆನ್ನು ತಿರುಗಿಸಿದ್ರೆ ನಮಗೆ ಭಯ ಆಗ್ತಿತ್ತಮ್ಮ, ಓಡ್ತಿದ್ವಿ," ಎಂದ. "ನಿನ್ನೆ ನಾಲ್ಕು ಬಿದ್ರೂ ಹಾಡ್ತಾನೇ ಇದ್ರಿ. ಸಾವಿನ ಮನೆಗೆ ಕೂಲಿಗೆ ಅಳೋರು ಬರ್ತಾರಲ್ಲ, ಹಂಗೆ ಕೇಳಿಸ್ತು."

ಅರಾಬಾ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟಳು. "ಸಂಬಳ ಹೊತ್ತಿಗೆ ಸರಿಯಾಗಿ ಬರುತ್ತಲ್ಲ. ಯಾಕೋ ಓಡ್ಲಿಲ್ಲ ನೀನು?"

ಎಬೋ ಮುಂದಿದ್ದ ಕೆಂಕೆಯನ್ನು ಬಿಚ್ಚಲು ಶುರುಮಾಡಿದ. "ಮುಂಚೆ ಸೋತ್ರೆ ಸಂಬಳ ಬಂದಿಲ್ಲ ಅಂತಿದ್ವಿ. ಈಗ ಏನಂತ ಹೇಳೋದು ಗೊತ್ತಾಗ್ತಿಲ್ಲ."

ಅವನು ಹೋದ ಮೇಲೂ 'ಕೂಲಿಗೆ ಅಳೋರು' ಎಂಬ ಮಾತು ಹೋಗಲಿಲ್ಲ. ಮೂರನೆಯ ದಿನ ಅರಾಬಾ ಫೀಫಿಯ ಆಫೀಸಿಗೆ ಹೋಗಿ, ಕರಾರಿನಿಂದ ತನ್ನ ಹೆಸರೊಂದನ್ನು ಹೊಡೆದುಹಾಕು, ಉಳಿದವರದು ಹಾಗೇ ಇರಲಿ ಎಂದಳು. ಹಾಡು ಎಕೌ ಎತ್ತಿಕೊಡುತ್ತಾನೆ. ಫೀಫಿ ಬೇಡಿಕೊಂಡ, ಹಣ ಏರಿಸುತ್ತೇನೆಂದ. ಅವಳು ಎದ್ದು ಬಂದಳು.

೫

ಋತುವಿನ ಕೊನೆಯ ಪಂದ್ಯ. ಸೋತರೆ ತಂಡ ಕೆಳಗಿನ ಲೀಗಿಗೆ ಬೀಳುತ್ತದೆ, ಡ್ರಾ ಆದರೂ ಸಾಕು.

ಒಂದು ಮುಕ್ತಾಯ: ಅರಾಬಾ ಬೆನ್ನು ತಿರುಗಿಸುತ್ತಾಳೆ, ಮೇಳ ಟೀ ಶರ್ಟು ಕಿತ್ತೆಸೆದು ಅವಳನ್ನು ಸೇರುತ್ತದೆ, ತಂಡ ಗೆಲ್ಲುತ್ತದೆ. (ಇದನ್ನು ಬರೆಯುವಾಗ ನನಗೇ ರೋಮಾಂಚನವಾಯಿತು, ಅದಕ್ಕೇ ಅನುಮಾನ ಬಂತು.) ಇನ್ನೊಂದು: ಅವಳು ಮನೆಯಲ್ಲೇ ಉಳಿಯುತ್ತಾಳೆ, ತಂಡ ಬೀಳುತ್ತದೆ. ಇದು ಸೋಮಾರಿಯ ದುಃಖ.

ಆದದ್ದು ಬೇರೆ. ಅವಳು ಮೇಳದಿಂದ ಐದಾರು ಮೆಟ್ಟಿಲು ಕೆಳಗೆ, ಒಬ್ಬಳೇ ಕೂತಿದ್ದಳು. ಇಪ್ಪತ್ತನೇ ನಿಮಿಷದಲ್ಲಿ ಎದುರಾಳಿಗಳು ಗೋಲು ಹೊಡೆದರು. ನಮ್ಮವರು ಮತ್ತೆ ಅಡ್ಡಾಡಲು ಶುರುಮಾಡಿದರು. ಮೂವತ್ತನೇ ನಿಮಿಷಕ್ಕೆ ಅರಾಬಾ ಎದ್ದು ನಿಂತು ಬೆನ್ನು ತಿರುಗಿಸಿದಳು.

ಯಾರೂ ಜೊತೆಗೂಡಲಿಲ್ಲ. ಮೇಳ ಹಾಡುತ್ತಿತ್ತು, ಹಾಡು ಇರುವಾಗ ಜನ ಬೆನ್ನು ತಿರುಗಿಸುವುದು ಹೇಗೆ? ಮೈದಾನ ಅವಳ ಹಿಂದಾಯಿತು, ಎದುರಿಗೆ ಇಪ್ಪತ್ತು ಹಳೆಯ ಗೆಳೆಯರ ಮುಖಗಳು. ಅವರು ಅವಳ ಮುಖಕ್ಕೇ ಹಾಡಬೇಕಾಯಿತು. ಕೆಲವರು ಟೀ ಶರ್ಟಿನ ಅಂಚು ಎಳೆದುಕೊಂಡರು. ಎಕೌ ಡೋಲಿನಿಂದ ಕಣ್ಣೆತ್ತಲಿಲ್ಲ, ಕೈಯನ್ನೂ ನಿಲ್ಲಿಸಲಿಲ್ಲ.

"ಅವಳು ಆಟಕ್ಕೆ ಬೆನ್ನು ಹಾಕಿದ್ಳು ಅಂತ ಎಲ್ರೂ ಅಂತಾರೆ," ಎಂದು ಆಮೇಲೆ ಎಕೌ ನನಗೆ ಹೇಳಿದ. "ನಮಗೆ ಮುಖ ಹಾಕಿದ್ಳಲ್ಲ, ಅದನ್ನ ಯಾರೂ ಹೇಳಲ್ಲ."

ವಿರಾಮದಲ್ಲಿ ನೀರು ಕುಡಿದು ಕೂತಳು, ಆಟ ಶುರುವಾದೊಡನೆ ಮತ್ತೆ ಹಾಗೇ ನಿಂತಳು. ಆಟ ಹೇಗೆ ನಡೆಯುತ್ತಿದೆಯೆಂದು ಆ ಮುಖಗಳಿಂದಲೇ ತಿಳಿಯಬೇಕಿತ್ತು. ಎಪ್ಪತ್ತೊಂದನೇ ನಿಮಿಷದಲ್ಲಿ ಎಲ್ಲರ ಬಾಯಿ ಒಟ್ಟಿಗೆ ತೆರೆಯಿತು, ಹಾಡು ಮುರಿಯಿತು, ಎಕೌನ ಕೋಲು ಗಾಳಿಯಲ್ಲಿ ನಿಂತಿತು. ಎಬೋ ತಲೆಯಿಂದ ಹೊಡೆದ ಗೋಲು. ಅವಳು ಆಗಲೂ ತಿರುಗಲಿಲ್ಲ. ಒಂದಕ್ಕೊಂದು, ಡ್ರಾ. ತಂಡ ಉಳಿಯಿತು.

ಹಾಡಿನಿಂದ ಉಳಿಯಿತು ಎಂದ ಫೀಫಿ. ಬೆನ್ನಿನಿಂದ ಎಂದ ಎಬೋ. ಎದುರಾಳಿಗಳು ಬಿಸಿಲಿಗೆ ಬಳಲಿದ್ದರು ಎಂದು ಎಕೌನ ಅಭಿಪ್ರಾಯ. ಅರಾಬಾಳನ್ನು ಕೇಳಿದೆ. ನಾನು ನೋಡಲೇ ಇಲ್ಲವಲ್ಲ ಎಂದಳು.

೬

ಇಲ್ಲಿಗೆ ಮುಗಿಸಬೇಕೆಂದಿದ್ದೆ, ಫೀಫಿ ಬಿಡಲಿಲ್ಲ. ಈ ಸೋಮವಾರ ಅವನು ಮತ್ತೆ ಅಂಗಡಿಗೆ ಬಂದ. ನಾನೂ ಎಕೌನೂ ಅಲ್ಲೇ ತಿನ್ನುತ್ತ ಕೂತಿದ್ದೆವು. ಒಬ್ಬಳೇ ಹೆಂಗಸು ಮೈದಾನಕ್ಕೆ ಬೆನ್ನು ಹಾಕಿ ನಿಂತ ವಿಡಿಯೋವನ್ನು ಮೂರು ಲಕ್ಷ ಜನ ನೋಡಿದ್ದಾರಂತೆ. ಕಂಪನಿಯವರಿಗೆ ಬಹಳ ಹಿಡಿಸಿದೆಯಂತೆ. ಹೊಸ ಋತುವಿನಲ್ಲಿ ಪ್ರತಿ ಪಂದ್ಯದ ಮೂವತ್ತನೇ ನಿಮಿಷಕ್ಕೆ ಅವಳು ಎದ್ದು ಬೆನ್ನು ತಿರುಗಿಸಬೇಕು, ಒಳ್ಳೆಯ ಹಣವಿದೆ. ಚೀಲದಿಂದ ಟೀ ಶರ್ಟು ತೆಗೆದು ತೋರಿಸಿದ. ಎದೆಯ ಮೇಲೆ ಏನೂ ಇರಲಿಲ್ಲ. ಬೆನ್ನ ತುಂಬ ಕಂಪನಿಯ ಹೆಸರು.

ಎಕೌ ನಗಲು ಹೋಗಿ ಕೆಮ್ಮಿದ.

"ಯಾವತ್ತಾದ್ರೂ ತಂಡ ಚೆನ್ನಾಗಿ ಆಡ್ತಿದ್ರೆ?" ಎಂದಳು ಅರಾಬಾ.

"ಆಗಲೂ ಅಮ್ಮ. ಮೂವತ್ತನೇ ನಿಮಿಷ ಅಂದ್ರೆ ಮೂವತ್ತನೇ ನಿಮಿಷ."

ಅವಳು ಕೈ ಒರೆಸಿಕೊಂಡು ಟೀ ಶರ್ಟನ್ನು ತೆಗೆದುಕೊಂಡಳು. ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದಳು, ಎರಡೂ ಭುಜ ಹಿಡಿದು ಮೈಗೆ ಅಳೆದುಕೊಂಡಳು. ಆಮೇಲೆ ಮಡಚಿ ಹಿಂದಕ್ಕೆ ಕೊಟ್ಟಳು.

"ಇದು ನನ್ನ ಅಳತೇದಲ್ಲ ಕಣೋ."

ಫೀಫಿ ತಕ್ಷಣ ಫೋನು ತೆಗೆದು, ಇನ್ನೊಂದು ಸೈಜು ದೊಡ್ಡದು ಎಂದು ಬರೆದುಕೊಂಡ. ಅರಾಬಾ ಕೊಟ್ಟದ್ದು ಸರಿಯಾದ ಉತ್ತರ ಎನ್ನುವಂತೆ ಎಕೌ ನನ್ನ ಮಂಡಿಗೆ ಮಂಡಿ ತಾಗಿಸಿದ. ನಾನು ಇಬ್ಬರ ಮುಖವನ್ನೂ ನೋಡಿ, ಏನರ್ಥ ಎಂದು ಅರಾಬಾಳನ್ನೇ ಕೇಳಿದೆ. ಅವಳು ಆಗಲೇ ಮುಂದಿನ ಗಿರಾಕಿಗೆ ಎಷ್ಟು ಕಟ್ಟಲಿ ಎಂದು ಕೇಳುತ್ತಿದ್ದಳು.