ಸಂಧ್ಯಾ ಬರೆದ ದಡಿ

ರಬಕವಿಯ ನೇಕಾರ ಓಣಿಯಲ್ಲಿ ಗಂಗಾಂಬಿಕಾಳ ಮಗ್ಗದ ಸದ್ದು ಕೇಳಿಸಿದರೆ ಸಿಸ್ಟರ್ ಜೆಸಿಂತಾ ನಿಲ್ಲದೆ ಮುಂದೆ ಹೋದವರಲ್ಲ. ಕನ್ಯಾಮಠದ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತ, ಇಲ್ಲಿನ ಸೀರೆಯ ದಡಿಗಳನ್ನು, ಅಂದರೆ ಅಂಚುಗಳನ್ನು, ಅಭ್ಯಾಸ ಮಾಡಿ ಗ್ರಂಥ ಬರೆಯುತ್ತ ಅವರ ತಲೆ ನರೆತಿತ್ತು. ಗಂಗಾಂಬಿಕಾಳ ಹಿರಿಮಗಳು ಸಂಧ್ಯಾ ಅವರ ಅಚ್ಚುಮೆಚ್ಚಿನ ಶಿಷ್ಯೆ. ದಡಿಗೆಂದು ಆಕೆ ಗುಬ್ಬಿಗಳ ಸಾಲು ಬರೆದಿದ್ದಳು. ಒಂದು ಗುಬ್ಬಿ ಮಾತ್ರ ಹಿಂತಿರುಗಿ ನೋಡುತ್ತಿತ್ತು.

“ಇಂಥಾ ದಡಿ ನಾ ಎಲ್ಲೂ ಕಂಡಿಲ್ಲವ್ವ,” ಎಂದಿದ್ದರು ಸಿಸ್ಟರ್.

ಗಂಡ ತೀರಿದ ಮೇಲೆ ಗಂಗಾಂಬಿಕಾ ತವರಿನ ಜೋಳದ ಮೇಲೆ ಬದುಕಿದವಳು. ಆಕೆಯ ತಾಯಿ ಹಾಲವ್ವ ಹುನ್ನೂರಿನಿಂದ ಬಂದು, ಸಂಧ್ಯಾಳನ್ನು ತನ್ನ ಮಗ ಸಂಜಯನಿಗೆ, ಅಂದರೆ ಹುಡುಗಿಯ ಸೋದರಮಾವನಿಗೇ, ಗೊತ್ತುಮಾಡಿದಳು. ಸಿಸ್ಟರ್ ಓಡಿಬಂದರು.

“ಇನ್ನಾ ಹದಿನೈದು ತುಂಬಿಲ್ಲರಿ ಆಯಿ. ಆಕಿ ಮೈ ಬಸಿರು ತಾಳೂದಿಲ್ಲ.”

“ತೊಟ್ಟಿಲದಾಗ ಮಾತು ಕೊಟ್ಟೇವ್ರಿ. ಮನಿ ಹುಡುಗಿ ಮನ್ಯಾಗ ಇರ್ತಾಳ. ನೀವು ಬಾಸಿಂಗ ಕಟ್ಟಿದವರಲ್ಲ, ಬಾಣಂತನ ಕಂಡವರಲ್ಲ. ಗುಬ್ಬಿ ತಿದ್ದಿಸ್ರಿ, ಸಾಕು!”

ಓಣಿಯ ಹೆಂಗಸರು ನಕ್ಕರು.

“ಹೆತ್ತಿಲ್ಲ, ಖರೆ. ಇಂಥಾ ಕೂಸುಗಳನ್ನ ಮಣ್ಣಿಗಿಟ್ಟಿದ್ದು ಕಂಡೀನಿ.”

ಸಿಸ್ಟರ್ ದೂರು ಕೊಟ್ಟರು. ಅದು ಕಿವಿಗೆ ಬಿದ್ದದ್ದೇ ತಡ, ಹಾಲವ್ವ ಹೊಲದ ಮನೆಯಲ್ಲಿ ಗುಟ್ಟಾಗಿ ಅಕ್ಕಿಕಾಳು ಹಾಕಿಸಿ ಲಗ್ನ ಮುಗಿಸಿದಳು. ಅಧಿಕಾರಿಗಳು ಬಂದಾಗ ಚಪ್ಪರವೂ ಉಳಿದಿರಲಿಲ್ಲ. ಹಾಲವ್ವನಿಗೆ ಎದುರಾಡಲಾರದ ಗಂಗಾಂಬಿಕಾ, ಲಗ್ನದ ಸೀರೆಗೆ ಮಗಳ ಗುಬ್ಬಿಗಳನ್ನೇ ನೇಯ್ದು ಕೊಟ್ಟಿದ್ದಳು.

ಮರುವರ್ಷ ಹೆರಿಗೆಯಲ್ಲಿ ಸಂಧ್ಯಾ ತೀರಿಕೊಂಡಳು. ಕೂಸೂ ಉಳಿಯಲಿಲ್ಲ.

ಹುನ್ನೂರಿನಲ್ಲಿ ಅವಳನ್ನು ಅದೇ ಸೀರೆ ಉಡಿಸಿ ಗೋಡೆಗೆ ಆನಿಸಿ ಕೂರಿಸಿದ್ದರು. ಸಿಸ್ಟರ್ ಜಪಸರ ಹಿಡಿದು ಕಾಲ ಬಳಿ ಕುಳಿತರು. ಹಿಂತಿರುಗಿ ನೋಡುವ ಗುಬ್ಬಿ ಅವಳ ಎದೆಯ ಮೇಲಿತ್ತು. ಜೀವಮಾನವಿಡೀ ತಪ್ಪದ ಪ್ರಾರ್ಥನೆ ಅಂದು ಬಾಯಿಗೆ ಬರಲಿಲ್ಲ.

ಮಣ್ಣು ಮಾಡಿ ಬಂದವರ ಕೈಕಾಲು ಇನ್ನೂ ಒದ್ದೆ. ಗಂಗಾಂಬಿಕಾಳ ಕಿರಿಮಗಳು ಪ್ರೀತಿ ತಾಯಿಯ ಪಕ್ಕದಲ್ಲಿದ್ದಳು. ಹಾಲವ್ವ ಅವಳ ಗದ್ದ ಹಿಡಿದಳು.

“ಆಗಿದ್ದಾತು, ಗಂಗಾ. ಇಕೀನ್ನ ಕೊಟ್ಟು ಮನಿ ತುಂಬಿಸು. ಸಂಜಯ ಎಷ್ಟು ದಿನ ಒಬ್ಬಾಂವ ಇರಬೇಕು?”

ಗಂಗಾಂಬಿಕಾ ಆ ಕೈಯನ್ನು ಬಿಡಿಸಿದಳು.

“ಯವ್ವಾ, ಒಂದು ಸೀರಿ ನೇಯ್ದು ಕೊಟ್ಟೆ. ಮಣ್ಣಾಗ ಹೋತು. ಇನ್ನೊಂದು ನೇಯೂದಿಲ್ಲ.”

“ಹಂಗಾರ ನನ್ನ ಹೊಸ್ತಲಾ ತುಳೀಬ್ಯಾಡ! ಒಂದು ಕಾಳು ಜ್ವಾಳ ಕೊಡಂಗಿಲ್ಲ.”

“ಬ್ಯಾಡ.”

ಆಕೆ ಪ್ರೀತಿಯ ಕೈಯನ್ನು ಸಿಸ್ಟರ್ ಕೈಗಿಟ್ಟು, ಹಿಂತಿರುಗಿ ನೋಡದೆ ಹೊಸ್ತಿಲು ದಾಟಿದಳು.